ಹಿತ್ತಿಲಿಗೊಂದು ಟ್ರ್ಯಾಂಪೊಲಿನ್ ತರುವ ಮುನ್ನ

ಬೇಸಗೆ ರಜೆಯಲ್ಲಿ ಬೆಂಗಳೂರಿನ ನೆಂಟರ ಮನೆಗೆ ಹೋಗಿ ಬಂದ ಮಕ್ಕಳು ಹೊಸ ಬೇಡಿಕೆಯೊಂದನ್ನು ಕಟ್ಟಿಕೊಂಡೇ ಬರುವರು. ಹಿಂದೆ ಅದು ಸೈಕಲ್ ಆಗಿತ್ತು, ಬಳಿಕ ಕ್ರಿಕೆಟ್ ಬ್ಯಾಟಾಯಿತು. ಈಗ ಟ್ರ್ಯಾಂಪೊಲಿನ್. ಕಂಡಿಲ್ಲದವರಿಗೆ ಎರಡು ಮಾತು: ಕಾಲುಗಳ ಮೇಲೆ ನಿಲ್ಲಿಸಿದ ದುಂಡಗಿನ ಉಕ್ಕಿನ ಚೌಕಟ್ಟು, ಅದರ ಸುತ್ತ ಸಾಲು ಸಾಲಾಗಿ ಸ್ಪ್ರಿಂಗುಗಳು, ಆ ಸ್ಪ್ರಿಂಗುಗಳಿಗೆ ಬಿಗಿದ ಗಟ್ಟಿ ನೇಯ್ಗೆಯ ಹಾಸು. ಹಾಸಿನ ಮೇಲೆ ನಿಂತು ಕುಪ್ಪಳಿಸಿದರೆ ಅದು ಕುಪ್ಪಳಿಸಿದವನನ್ನು ಇನ್ನಷ್ಟು ಎತ್ತರಕ್ಕೆ ಎತ್ತಿ ಎಸೆಯುತ್ತದೆ. ನಗರಗಳಲ್ಲಿ ಗಂಟೆಗಿಷ್ಟೆಂದು ಹಣ ಪಡೆದು ಮಕ್ಕಳನ್ನು ಕುಣಿಯಬಿಡುವ ದೊಡ್ಡ ದೊಡ್ಡ ಮನೆಗಳೇ ತಲೆಯೆತ್ತಿವೆ. ಅಲ್ಲಿ ಒಂದು ಗಂಟೆ ಕುಣಿದ ಮಗುವಿಗೆ ಊರಿನ ಹಿತ್ತಿಲಲ್ಲೂ ಅದು ಬೇಕೆನಿಸುವುದು ಸಹಜವೇ.

ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಕಾರಿಮಂಗಲಂ, ಕೃಷ್ಣಗಿರಿಗೂ ಧರ್ಮಪುರಿಗೂ ನಡುವೆ ಹೆದ್ದಾರಿಯ ಬದಿಯಲ್ಲಿರುವ ಊರು. ಅಲ್ಲಿನ ಕನ್ನಡ ಕುಟುಂಬಗಳ ಬಾಳು ನಮ್ಮ ಕಾಸರಗೋಡಿನವರಿಗೆ ಬೇಗ ಅರ್ಥವಾಗುವಂಥದು. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ನಮ್ಮಲ್ಲಿ ಮಲಯಾಳ ಇರುವ ಹಾಗೆ. ಅಲ್ಲಿ ನೆಲೆಸಿದ ಬಂಧುಗಳೊಬ್ಬರ ಮನೆಯಲ್ಲಿ ಈ ಟ್ರ್ಯಾಂಪೊಲಿನ್ ವಿಚಾರವಾಗಿ ದೊಡ್ಡ ಚರ್ಚೆಯೇ ನಡೆದು, ಕೊನೆಗೆ ‘ನೀವಾದರೂ ವಿಚಾರಿಸಿ ಬರೆಯಿರಿ’ ಎಂದು ಕೇಳಿಕೊಂಡದ್ದೇ ಈ ಬರಹಕ್ಕೆ ನೆಪ. ಅಣ್ಣತಮ್ಮಂದಿರು ಕೂಡಿ ಬಾಳುವ ಮನೆ. ನಾಲ್ಕು ವರ್ಷದಿಂದ ಹದಿನಾಲ್ಕರವರೆಗಿನ ಐದು ಮಕ್ಕಳು. ಹಿಂದೆ ವಿಶಾಲವಾದ ಹಿತ್ತಿಲು, ಅದರಲ್ಲಿ ಎರಡು ತೆಂಗು, ಒಂದು ಮಾವು, ಒಂದು ಹುಣಿಸೆ, ಮೂಲೆಯಲ್ಲೊಂದು ಬಾವಿ.

“ನಾವು ಹೊರಸಿನ ಮೇಲೆ ಕುಣಿದು ಬೆಳೆದವರು. ಇವಕ್ಕೆ ಅದು ಸಾಲದೇನು?” ಎಂದು ಹಿರಿಯರ ತಕರಾರು.

“ಹೊರಸು ಎಲ್ಲಿದೆ ತಾತ? ನೀವೇ ಮಾರಿಬಿಟ್ಟಿರಲ್ಲ!” ಎಂದು ಮೊಮ್ಮಗಳ ಉತ್ತರ.

ಹಿರಿಯರ ಮಾತಿನಲ್ಲಿ ತಥ್ಯವಿಲ್ಲದೆ ಇಲ್ಲ. ನುಲಿ ಹೆಣೆದ ಹೊರಸೂ ಟ್ರ್ಯಾಂಪೊಲಿನ್ನೂ ದೂರದ ದಾಯಾದಿಗಳೇ. ರಾಗಿಹುಲ್ಲಿನ ಮೆದೆಯ ಮೇಲಿಂದ ಜಾರುವುದು, ಬಾವಿಗೆ ಧುಮುಕುವುದು, ಹೊರಸಿನ ನುಲಿ ಜೋತುಬೀಳುವಷ್ಟು ಕುಣಿದು ಪೆಟ್ಟು ತಿನ್ನುವುದು ಎಲ್ಲ ಕಾಲದ ಮಕ್ಕಳ ಹಕ್ಕು. ಆದರೆ ಹೊರಸು ಮಗುವನ್ನು ಒಂದು ಗೇಣು ಎತ್ತಿದರೆ, ಟ್ರ್ಯಾಂಪೊಲಿನ್ ಆಳೆತ್ತರಕ್ಕೆ ಎತ್ತಬಲ್ಲದು.

ಸರ್ಕಸ್ಸಿನ ಬಲೆಯಿಂದ ಬಂದದ್ದು

ಇದರ ಹುಟ್ಟಿನ ಕತೆ ಸರ್ಕಸ್ಸಿಗೆ ಸೇರಿದ್ದು. ಅಮೇರಿಕದ ಅಯೋವಾ ರಾಜ್ಯದ ಜಾರ್ಜ್ ನಿಸ್ಸೆನ್ ಎಂಬ ಹುಡುಗ ಸರ್ಕಸ್ ನೋಡಲು ಹೋಗಿದ್ದಾಗ, ತೂಗುಪಟ್ಟಿಯ ಆಟಗಾರರು ಆಟ ಮುಗಿಸಿ ಕೆಳಗಿನ ರಕ್ಷಣಾ ಬಲೆಗೆ ಬಿದ್ದು ಅಲ್ಲಿಂದ ಪುಟಿದೇಳುವುದನ್ನು ಕಂಡ. ಬಿದ್ದವರು ಮತ್ತೂ ಪುಟಿಯುತ್ತಲೇ ಇದ್ದರೆ ಹೇಗೆ ಎಂಬುದೇ ಅವನ ತಲೆ ಹೊಕ್ಕ ಹುಳ. ಮುಂದೆ ಅಯೋವಾ ವಿಶ್ವವಿದ್ಯಾನಿಲಯದಲ್ಲಿ ತನ್ನ ತರಬೇತುದಾರ ಲ್ಯಾರಿ ಗ್ರಿಸ್ವೋಲ್ಡನ ಜತೆಗೂಡಿ ೧೯೩೦ರ ದಶಕದ ನಡುವಿನಲ್ಲಿ ಈಗಿನ ರೂಪದ ಟ್ರ್ಯಾಂಪೊಲಿನ್ ಮಾಡಿದ. ನೀರಿಗೆ ಧುಮುಕುವ ಹಲಗೆಗೆ ಇರುವ ಸ್ಪ್ಯಾನಿಷ್ ಹೆಸರನ್ನೇ ತುಸು ತಿದ್ದಿ ಇದಕ್ಕಿಟ್ಟ. ೧೯೬೦ರಲ್ಲಿ ಪ್ರಚಾರಕ್ಕಾಗಿ ನ್ಯೂಯಾರ್ಕಿನ ಉದ್ಯಾನವೊಂದರಲ್ಲಿ ಕಾಂಗರೂ ಒಂದರ ಜತೆ ತಾನೂ ಜಿಗಿದು ಚಿತ್ರ ತೆಗೆಸಿಕೊಂಡ ಆಸಾಮಿ ಈತ! ೨೦೦೦ದಲ್ಲಿ ಸಿಡ್ನಿ ಒಲಿಂಪಿಕ್ಸಿನಲ್ಲಿ ಟ್ರ್ಯಾಂಪೊಲಿನ್ ಮೊದಲ ಬಾರಿಗೆ ಪದಕದ ಸ್ಪರ್ಧೆಯಾಯಿತು. ಗಂಡಸರ, ಹೆಂಗಸರ ಎರಡೂ ಚಿನ್ನಗಳು ರಷ್ಯದ ಪಾಲಾದವು. ನಿಸ್ಸೆನ್ ತೀರಿಕೊಂಡದ್ದು ೨೦೧೦ರಲ್ಲಿ.

ಸರ್ಕಸ್ಸಿನ ಬಲೆ ಎಂದರೆ ನಮಗೇನೂ ಹೊಸತಲ್ಲ. ಭಾರತದ ಸರ್ಕಸ್ಸಿನ ತೊಟ್ಟಿಲು ಎನಿಸಿದ ತಲಶ್ಶೇರಿ ಇಲ್ಲೇ ನೆರೆಯ ಕಣ್ಣೂರು ಜಿಲ್ಲೆಯಲ್ಲಿದೆ. ಕೀಲೇರಿ ಕುಞಿಕಣ್ಣನ್ ಅವರು ೧೯೦೧ರಲ್ಲಿ ಅಲ್ಲಿ ಸರ್ಕಸ್ ಶಾಲೆ ತೆರೆದರು. ಬಲೆಗೆ ಬೀಳುವುದೂ ಒಂದು ವಿದ್ಯೆ, ಅದನ್ನೂ ಗುರುಮುಖೇನ ಕಲಿಯಬೇಕೆಂಬುದು ಅಂಥ ಕಲಾವಿದರಿಗೆ ಗೊತ್ತು. ಅಂಗಡಿಯಿಂದ ಪೆಟ್ಟಿಗೆಯಲ್ಲಿ ಬರುವ ಟ್ರ್ಯಾಂಪೊಲಿನ್ನಿನ ಜತೆಗೆ ಗುರು ಬರುವುದಿಲ್ಲ.

ಮೊದಲು ಬೇಡದ ಮಾತು

ಕೊಳ್ಳುವವರಿಗೆ ಅಂಗಡಿಯವರು ಹೇಳದೆ ಬಿಡುವ ವಿಚಾರವನ್ನು ಇಲ್ಲಿ ಮೊದಲೇ ಹೇಳಿಬಿಡುವುದು ಮೇಲು. ಅಮೇರಿಕದ ಮಕ್ಕಳ ತಜ್ಞವೈದ್ಯರ ಅಕಾಡೆಮಿಯು ೧೯೭೭ರಿಂದಲೂ ಟ್ರ್ಯಾಂಪೊಲಿನ್ ಬಗ್ಗೆ ಎಚ್ಚರಿಕೆ ಕೊಡುತ್ತ ಬಂದಿದೆ. ೧೯೯೯ರಲ್ಲಿ ಮನೆಬಳಕೆಗೆ ಇದು ಸಲ್ಲದೆಂದೇ ಹೇಳಿತು. ೨೦೧೨ರ ಹೇಳಿಕೆಯಲ್ಲೂ ಮನೆಗಳಲ್ಲಿ ವಿನೋದಕ್ಕಾಗಿ ಇಟ್ಟುಕೊಳ್ಳುವುದನ್ನು ಬಲವಾಗಿ ವಿರೋಧಿಸಿತು. ೨೦೦೯ನೆಯ ಒಂದೇ ವರ್ಷದಲ್ಲಿ ಆ ದೇಶದಲ್ಲಿ ಇದರಿಂದ ಗಾಯಗೊಂಡವರು ಅಂದಾಜು ೯೮,೦೦೦. ಆಸ್ಪತ್ರೆಯಲ್ಲಿ ಉಳಿಯಬೇಕಾಗಿ ಬಂದವರು ೩,೧೦೦. ಅಲ್ಲಿ ಮನೆಮನೆಯಲ್ಲೂ ಇರುವುದರಿಂದ ಲೆಕ್ಕ ದೊಡ್ಡದೆನ್ನಬಹುದು, ನಿಜ. ಆದರೆ ಗಾಯಗಳು ಹೇಗಾದವೆಂಬುದನ್ನು ನೋಡಿದರೆ ನಮ್ಮ ಕೂಡುಕುಟುಂಬದವರು ಎದ್ದು ಕೂರಬೇಕು. ಸುಮಾರು ಮುಕ್ಕಾಲು ಪಾಲು ಗಾಯಗಳು ಒಬ್ಬರಿಗಿಂತ ಹೆಚ್ಚು ಮಂದಿ ಒಟ್ಟಿಗೇ ಕುಣಿಯುತ್ತಿದ್ದಾಗ ಆದವು. ಹಾಗೆ ಕುಣಿಯುವವರಲ್ಲಿ ಪೆಟ್ಟು ಬೀಳುವುದು ಬಹುಪಾಲು ಚಿಕ್ಕವನಿಗೇ.

ಇದಕ್ಕೆ ಕಾರಣ ಸರಳ. ಹದಿನಾಲ್ಕರ ಅಕ್ಕ ಹಾಸನ್ನು ತುಳಿದು ಕೆಳಗಿಳಿಸಿದ ಕ್ಷಣದಲ್ಲೇ ನಾಲ್ಕರ ತಮ್ಮನ ಕಾಲೂ ಅಲ್ಲಿ ಬಿದ್ದಿತೆನ್ನಿ. ಅಕ್ಕನ ಭಾರದಿಂದ ಹಾಸಿನಲ್ಲಿ ಸೇರಿದ ಶಕ್ತಿಯ ದೊಡ್ಡ ಪಾಲು ತಮ್ಮನನ್ನು ಎತ್ತಿ ಎಸೆಯುತ್ತದೆ. ಅಥವಾ ಅವನು ಇಳಿಯುತ್ತಿರುವಾಗಲೇ ಹಾಸು ಮೇಲಕ್ಕೆ ನುಗ್ಗಿ ಬಂದು ಅವನ ಕಾಲಿಗೆ ಬಡಿಯುತ್ತದೆ. ಆಗ ಅದು ಮೆತ್ತನೆಯ ಹಾಸಲ್ಲ, ಗಟ್ಟಿ ನೆಲವೇ. ಮೊಣಕಾಲಿನ ಕೆಳಗೆ, ಮೊಳಕಾಲ ಮೂಳೆಯ ಮೇಲ್ತುದಿಯಲ್ಲಿ ಸಣ್ಣದೊಂದು ಬಿರುಕು ಬೀಳುವುದು ಆರು ವರ್ಷದೊಳಗಿನ ಮಕ್ಕಳಲ್ಲಿ ಎಷ್ಟು ಸಾಮಾನ್ಯವೆಂದರೆ, ವೈದ್ಯರು ಅದಕ್ಕೆ ‘ಟ್ರ್ಯಾಂಪೊಲಿನ್ ಮುರಿತ’ ಎಂದೇ ಹೆಸರಿಟ್ಟಿದ್ದಾರೆ. ಅದೃಷ್ಟ ಕೆಟ್ಟರೆ ಇನ್ನೂ ಘೋರವಾದದ್ದೂ ಉಂಟು: ಲಾಗ ಹೊಡೆಯಲು ಹೋಗಿ ತಲೆಕೆಳಗಾಗಿ ಬಿದ್ದು ಕತ್ತಿನ ಮೂಳೆಗೆ ಪೆಟ್ಟಾಗುವುದು.

ಮೂಳೆಯ ಮಾತು ಧರ್ಮಪುರಿ ಜಿಲ್ಲೆಯವರಿಗೆ ಹೊಸತಲ್ಲ. ಅಲ್ಲಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲು, ಎಲುಬುಗಳ ರೋಗಕ್ಕೆ ಕಾರಣವಾಗಿ, ಅದಕ್ಕೆಂದೇ ಹೊಗೆನಕಲ್ಲಿನಿಂದ ಕಾವೇರಿ ನೀರು ತರುವ ಯೋಜನೆ ೨೦೧೩ರಲ್ಲಿ ಕಾರ್ಯಗತವಾಯಿತು. ಮುರಿದ ಮೂಳೆಗೆ ಪಟ್ಟಿ ಕಟ್ಟುವ ‘ಪುತ್ತೂರು ಕಟ್ಟು’ ಫಲಕಗಳೂ ಆ ಕಡೆ ಕಾಣಸಿಗುತ್ತವೆ. (ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ ಪುತ್ತೂರು.) ದೊಡ್ಡವರ ಸಂಗತಿ ಹೇಗೇ ಇರಲಿ, ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಪದರವೊಂದಿರುತ್ತದೆ, ಅಲ್ಲಿ ಮುರಿದದ್ದು ಸರಿಯಾಗಿ ಕೂಡದಿದ್ದರೆ ಕಾಲು ಗಿಡ್ಡವಾಗಬಹುದು, ಸೊಟ್ಟಗಾಗಲೂಬಹುದು. ಆದ್ದರಿಂದ ಮಗು ಕಾಲೂರಲು ಒಲ್ಲೆನೆಂದರೆ ಎಣ್ಣೆ ತಿಕ್ಕುತ್ತ ಕೂರದೆ ಆಸ್ಪತ್ರೆಗೊಯ್ದು ಎಕ್ಸ್‌ರೇ ತೆಗೆಸತಕ್ಕದ್ದು.

ಇಷ್ಟಾಗಿಯೂ ತರುವುದೆಂದಾದರೆ

ಎಲ್ಲ ಕೇಳಿಯೂ ತರುವವರು ತಂದೇ ತರುವರು. ಅಂಥವರು ಅಂಗಡಿಗೆ ಹೋಗುವ ಮೊದಲು ಹಿತ್ತಿಲಿಗೆ ಹೋಗಬೇಕು. ಮಾರುಕಟ್ಟೆಯಲ್ಲಿ ಆರು ಅಡಿಯಿಂದ ಹದಿನಾಲ್ಕು ಅಡಿ ಅಡ್ಡಳತೆಯವರೆಗಿನವು ಸಿಗುತ್ತವೆ. ಹತ್ತು ಅಡಿಯದ್ದೆಂದರೆ ಹತ್ತು ಅಡಿ ಜಾಗ ಸಾಲದು. ಸುತ್ತಲೂ ಆರೇಳು ಅಡಿ ಬರಿದಾದ ನೆಲ ಬಿಡಬೇಕು. ಅಲ್ಲಿಗೆ ಇಪ್ಪತ್ತಮೂರು ಅಡಿ ಅಗಲ, ಅಷ್ಟೇ ಉದ್ದ. ತಲೆಯ ಮೇಲೂ ಇಪ್ಪತ್ತು ಅಡಿ ಮೀರಿ ಬಯಲಾಗಿರಬೇಕು. ಕಾರಿಮಂಗಲದ ಆ ಹಿತ್ತಿಲನ್ನು ಈ ಲೆಕ್ಕದಲ್ಲಿ ಅಳೆದಾಗ ಉಳಿದದ್ದು ಒಂದೇ ಮೂಲೆ, ಬಾವಿಯ ಪಕ್ಕದ್ದು! ತೆಂಗಿನ ಕೆಳಗಿಟ್ಟರೆ ಕಾಯಿ, ಮಡಲು ಬೀಳುವ ಭಯ. ಮಾವಿನ ಕೆಳಗೆ ಕೊಂಬೆ ತಲೆಗೆ ತಾಗುತ್ತದೆ. ಮನೆಯ ಹತ್ತಿರ ವಿದ್ಯುತ್ ತಂತಿ, ಬಟ್ಟೆ ಒಣಗಿಸುವ ಹಗ್ಗ. ಬಾವಿಯ ಬಳಿ ಇಡುವ ಮಾತೇ ಇಲ್ಲ.

ನೆಲ ಸಮತಟ್ಟಾಗಿರಬೇಕು. ಕಲ್ಲು ಎದ್ದ ನೆಲವಾದರೆ ಕೆಲಸ ಹೆಚ್ಚು. ನೆಲದಲ್ಲಿ ಗುಂಡಿ ತೋಡಿ ಹಾಸನ್ನು ನೆಲಮಟ್ಟಕ್ಕೆ ತರುವ ಪದ್ಧತಿಯೂ ಇದೆ. ಬೀಳುವ ಎತ್ತರ ಕಡಿಮೆಯಾಗುತ್ತದೆ. ಆದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ನಮ್ಮ ಕಡೆ ಅದು ಗುಂಡಿಯಲ್ಲ, ಕೆರೆ. ಮಳೆ ಕಡಿಮೆಯ ಧರ್ಮಪುರಿಯಲ್ಲೂ ನೀರು ಹರಿದುಹೋಗುವ ಕಾಲುವೆ ಬಿಡದಿದ್ದರೆ ಸೊಳ್ಳೆಯ ತವರಾಗುತ್ತದೆ.

ವಸ್ತುವಿನ ಗುಣದ ಬಗ್ಗೆ: ಚೌಕಟ್ಟಿನ ಕೊಳವೆಗೆ ಒಳಗೂ ಹೊರಗೂ ಸತುವಿನ ಲೇಪ ಇದೆಯೇ ಎಂದು ಕೇಳಿ. ಉಪ್ಪುಗಾಳಿಯ ಕರಾವಳಿಯಲ್ಲಿ ಬರೇ ಬಣ್ಣ ಬಳಿದದ್ದು ಬೇಗನೆ ತುಕ್ಕು ಹಿಡಿಯುತ್ತದೆ. ಕಾರಿಮಂಗಲದಲ್ಲಿ ಶತ್ರು ತುಕ್ಕಲ್ಲ, ಬಿಸಿಲು. ಪಾಲಿಪ್ರೊಪಿಲೀನ್ ನೂಲಿನ ಹಾಸೂ ಸುತ್ತಣ ಬಲೆಯೂ ಬಿಸಿಲಿನ ಅತಿನೇರಳೆ ಕಿರಣಕ್ಕೆ ಕ್ರಮೇಣ ಸತ್ತ್ವ ಕಳೆದುಕೊಂಡು ಹೊಲಿಗೆಯ ಕಡೆ ಬಿಡುತ್ತವೆ. ಕಪ್ಪು ಹಾಸು ಚೈತ್ರದ ಮಧ್ಯಾಹ್ನ ಕಾವಲಿಯಂತೆ ಕಾಯುತ್ತದೆ, ಬರಿಗಾಲಿಡಲಾಗದು. ಆಟ ಬೆಳಗ್ಗೆ, ಸಂಜೆ ಮಾತ್ರ. ಸ್ಪ್ರಿಂಗುಗಳನ್ನು ಪೂರ್ತಿ ಮುಚ್ಚುವ ಮೆತ್ತೆ ಇರಬೇಕು. ಸುತ್ತಣ ಬಲೆ ಸ್ಪ್ರಿಂಗುಗಳ ಒಳಬದಿಗೆ ಕಟ್ಟಿದ್ದಿರಬೇಕು, ಹೊರಬದಿಗಲ್ಲ. ಸ್ಪ್ರಿಂಗಿನ ಬದಲು ಹಾಸಿನ ಕೆಳಗೆ ಬಾಗುವ ಸರಳುಗಳಿರುವ ಮಾದರಿಯನ್ನು ನ್ಯೂಜಿಲೆಂಡಿನ ಎಂಜಿನಿಯರ್ ಕೀತ್ ಅಲೆಕ್ಸಾಂಡರ್ ರೂಪಿಸಿದ್ದಾರೆ. ಕೈಕಾಲು ಸಿಕ್ಕಿಕೊಳ್ಳುವ ಭಯ ಅದರಲ್ಲಿ ಕಡಿಮೆ, ಬೆಲೆ ಮಾತ್ರ ಹೆಚ್ಚು. ಬಲೆಯಿದ್ದರೆ ಎಲ್ಲ ಭದ್ರವೆಂದು ತಿಳಿಯಬಾರದು. ಬಹುಪಾಲು ಗಾಯ ಆಗುವುದು ಹೊರಗೆ ಬಿದ್ದಲ್ಲ, ಹಾಸಿನ ಮೇಲೆಯೇ. ಬೇಸಗೆಯ ಗುಡುಗುಮಳೆಗೆ ಮುನ್ನ ಬೀಸುವ ಗಾಳಿಗೆ ಈ ಬಲೆ ಹಡಗಿನ ಹಾಯಿಯಂತಾಗಿ ಇಡೀ ಚೌಕಟ್ಟನ್ನೇ ಎತ್ತಿ ಉರುಳಿಸುವುದುಂಟು. ಕಾಲುಗಳನ್ನು ನೆಲಕ್ಕೆ ಗೂಟ ಹೊಡೆದು ಬಿಗಿಯಬೇಕು.

ಬಿಡಿಭಾಗ ಸಿಗುವುದೇ ಎಂಬುದು ಹಲವರು ಮರೆಯುವ ಪ್ರಶ್ನೆ. ಒಂದು ಸ್ಪ್ರಿಂಗ್ ಮುರಿದಾಗ ಅದೇ ಅಳತೆಯದನ್ನು ಸೇಲಂನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಹುಡುಕುವುದು ಸುಲಭವಲ್ಲ. ಸಿಗದಿದ್ದರೆ ಹಗ್ಗ ಕಟ್ಟಿ ಕೆಲಸ ನಡೆಸುವವರು ನಾವು; ಇಲ್ಲಿ ಆ ಜಾಣತನ ಬೇಡ.

ಉಳಿದದ್ದು ಮನೆಯ ಶಿಸ್ತು. ಒಮ್ಮೆಗೆ ಒಬ್ಬರೇ. ಆರು ವರ್ಷದೊಳಗಿನವರಿಗೆ ಇಲ್ಲ. ಲಾಗ ಇಲ್ಲ. ಹಿರಿಯರೊಬ್ಬರು ಪಕ್ಕದಲ್ಲಿ ನಿಂತಿರಬೇಕು, ಅಡುಗೆಮನೆಯ ಕಿಟಕಿಯಿಂದ ಕೂಗಿದರೆ ಸಾಲದು. ಕಾಲ್ಗೆಜ್ಜೆ, ಬಳೆ, ಕೊರಳ ಸರ ಕಳಚಿಡಬೇಕು. ಆಟ ಮುಗಿದೊಡನೆ ಏಣಿ ತೆಗೆದಿಡಬೇಕು. ಈ ಪೈಕಿ ಮೊದಲನೆಯದನ್ನೇ ನೋಡಿ. ಐವರು ಮಕ್ಕಳಿರುವ, ಹಬ್ಬಕ್ಕೆ ಹನ್ನೊಂದಾಗುವ ಮನೆಯಲ್ಲಿ ಒಬ್ಬ ಕುಣಿಯುತ್ತಿರಲು ಉಳಿದವರು ಸಾಲಾಗಿ ಕುಳಿತು ಕಾಯುವರೇ? ನಾಲ್ಕರ ಕೂಸಿಗೆ ‘ನಿನಗಿಲ್ಲ’ ಎಂದು ಎರಡು ವರ್ಷ ದಿನವೂ ಹೇಳುವವರಾರು? ಈ ಲೇಖಕನ ಮಟ್ಟಿಗೆ, ಅಂಥ ಮನೆಗೆ ಟ್ರ್ಯಾಂಪೊಲಿನ್ ಸಲ್ಲದು. ಹಣದ ಪ್ರಶ್ನೆಯಲ್ಲ. ಒಂದಿಬ್ಬರೇ ದೊಡ್ಡ ಮಕ್ಕಳಿರುವ, ಜಾಗವೂ ಬಿಡುವೂ ಇರುವ ಮನೆಯವರು ಯೋಚಿಸಬಹುದು.

ಕಾರಿಮಂಗಲದವರಿಗೆ ಹಾಗೆಯೇ ಬರೆದು ತಿಳಿಸಲಾಯಿತು. ಜತೆಗೆ, ಹುಣಿಸೆಮರ ಇರುವುದನ್ನೂ ನೆನಪಿಸಲಾಯಿತು. ಕನ್ನಡದ ಜೋಕಾಲಿ, ತಮಿಳಿನ ಊಂಜಲ್, ಮಲಯಾಳದ ಊಞಾಲ್, ತುಳುವಿನ ಉಜ್ಜಾಲ್ ಎಲ್ಲ ಒಂದೇ. ಐವರಲ್ಲಿ ಒಬ್ಬ ಕೂತರೆ ಉಳಿದವರಿಗೆ ತೂಗುವ ಕೆಲಸವಾದರೂ ಇರುತ್ತದೆ. ಇದರಲ್ಲೂ ಬೀಳುವುದುಂಟು, ಆದ್ದರಿಂದ ಆಯ್ಕೆ ಇಲ್ಲೂ ಬೇಕು. ಹುಣಿಸೆಯ ಹಸಿ ಕೊಂಬೆ ಗಟ್ಟಿ, ನುಗ್ಗೆಯನ್ನು ನಂಬಲಾಗದು. ಕೊಂಬೆಗೆ ಹಗ್ಗ ತಿಕ್ಕುವಲ್ಲಿ ಗೋಣಿ ಸುತ್ತಿ, ತಿಂಗಳಿಗೊಮ್ಮೆ ಬಿಚ್ಚಿ ನೋಡಬೇಕು. ಕೆಳಗಿನ ನೆಲಕ್ಕೆ ಒಂದಡಿ ಮರಳು ಹಾಕಿಸಿದರೆ ಒಳ್ಳೆಯದು. ಮರದ ಮಣೆ ಎದುರು ನಿಂತ ಮಗುವಿನ ಹಣೆಗೆ ಬಡಿದರೆ ಸೀಳುತ್ತದೆ, ಅದಕ್ಕಿಂತ ಹಳೆಯ ಟಯರು ಮೇಲು. ಟಯರಿನ ತಳದಲ್ಲಿ ನಾಲ್ಕಾರು ತೂತು ಕೊರೆಸಿ, ಮಳೆನೀರು ನಿಲ್ಲದಿರಲಿ.