ನಿರ್ದೇಶಕರನ್ನು ಆರಿಸುವವರು ಯಾರು?

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ‘ನಿರ್ದೇಶಕರ ಚುನಾವಣೆ’ ಎಂದರೆ ಮೊದಲು ನೆನಪಾಗುವುದು ಊರಿನ ಸಹಕಾರಿ ಸಂಘ. 1924ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕರ್ಣಾಟಕ ಬ್ಯಾಂಕಿನಂಥ ಕಂಪನಿಗಳ ಷೇರು ಇಟ್ಟುಕೊಂಡವರೂ ಇಲ್ಲಿದ್ದಾರೆ. ಆದರೆ ವಾರ್ಷಿಕ ಸಭೆಯ ನೋಟಿಸು ಬಂದರೆ, ‘ಅದೆಲ್ಲ ನಮ್ಗೆಂತಕೆ?’ ಎಂದು ಬದಿಗಿಡುವವರೇ ಹೆಚ್ಚು.

ತಪ್ಪು ಕಲ್ಪನೆ: ಸಂಘದ ಹಾಗೆ ಕಂಪನಿಯಲ್ಲೂ ಒಬ್ಬರಿಗೆ ಒಂದೇ ಮತ.
ಸತ್ಯ: ಸಂಘದಲ್ಲಿ ಎಷ್ಟು ಷೇರಿದ್ದರೂ ಮತ ಒಂದೇ. ಕಂಪನಿಯ ಇ-ಮತದಾನದಲ್ಲಿ ಎಣಿಕೆಯಾಗುವುದು ತಲೆಯಲ್ಲ, ಷೇರು. ನೂರು ಷೇರಿಗೆ ನೂರು ಮತ. ಖಾಸಗಿ ಬ್ಯಾಂಕಿನಲ್ಲಿ ಮಾತ್ರ ಎಂಥ ದೊಡ್ಡ ಕುಳವಾದರೂ ಒಟ್ಟು ಮತದ ಶೇ. 26 ದಾಟುವಂತಿಲ್ಲ. ರೈತ ಉತ್ಪಾದಕ ಕಂಪನಿ ಹೆಸರಿಗೆ ಕಂಪನಿ. ಅಲ್ಲಿ ರೈತನೊಬ್ಬನಿಗೆ ಒಂದೇ ಮತ.

ತಪ್ಪು ಕಲ್ಪನೆ: ನಿರ್ದೇಶಕರನ್ನು ಅಧ್ಯಕ್ಷರೇ ನೇಮಿಸುತ್ತಾರೆ.
ಸತ್ಯ: 2013ರ ಕಂಪನಿ ಕಾಯ್ದೆಯ 152ನೇ ಕಲಂ ಪ್ರಕಾರ ನೇಮಕದ ಅಧಿಕಾರ ಷೇರುದಾರರ ಸಭೆಯದು. ನಡುವೆ ಆಡಳಿತ ಮಂಡಳಿ ಹೆಚ್ಚುವರಿ ನಿರ್ದೇಶಕರನ್ನು ಸೇರಿಸಿಕೊಳ್ಳಬಹುದು. ಮುಂದಿನ ವಾರ್ಷಿಕ ಸಭೆ ದಾಟಿ ಅವರು ಉಳಿಯಬೇಕಾದರೆ ಷೇರುದಾರರ ಒಪ್ಪಿಗೆ ಬೇಕು. ರಾಷ್ಟ್ರೀಕೃತ ಬ್ಯಾಂಕಿನ ದಾರಿಯೇ ಬೇರೆ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಸೇರಿಹೋದ ಕೆನರಾ ಬ್ಯಾಂಕನ್ನೇ ನೋಡಿ: ಹೆಚ್ಚಿನ ನಿರ್ದೇಶಕರು ಕೇಂದ್ರ ಸರ್ಕಾರದ ಆಯ್ಕೆ. ಸರ್ಕಾರ ಬಿಟ್ಟು ಉಳಿದ ಷೇರುದಾರರು ಆರಿಸುವುದು ಹೆಚ್ಚೆಂದರೆ 3 ಜನರನ್ನು.

ತಪ್ಪು ಕಲ್ಪನೆ: ರಾಶಿ ಷೇರಿಲ್ಲದವರು ಸ್ಪರ್ಧಿಸುವಂತಿಲ್ಲ.
ಸತ್ಯ: ನಿರ್ದೇಶಕರಾಗಲು ಷೇರು ಇರಲೇಬೇಕೆಂದು ಕಂಪನಿ ಕಾಯ್ದೆ ಹೇಳುವುದಿಲ್ಲ. ಸಭೆಗೆ ಕನಿಷ್ಠ 14 ದಿನ ಮೊದಲು ನೋಟಿಸು, 1 ಲಕ್ಷ ರೂಪಾಯಿ ಠೇವಣಿ ಕೊಟ್ಟು ಹೆಸರು ಸೂಚಿಸಬಹುದು. ಗೆದ್ದರೆ, ಅಥವಾ ಸೋತರೂ ಶೇ. 25ಕ್ಕಿಂತ ಹೆಚ್ಚು ಮತ ಬಂದರೆ, ಠೇವಣಿ ವಾಪಸು. ಬ್ಯಾಂಕಾದರೆ ರಿಸರ್ವ್ ಬ್ಯಾಂಕಿನ ಅರ್ಹತಾ ನಿಯಮಗಳನ್ನೂ ದಾಟಬೇಕು.

ತಪ್ಪು ಕಲ್ಪನೆ: ಒಮ್ಮೆ ಕೂತವರನ್ನು ಅವಧಿ ಮುಗಿಯದೆ ಏಳಿಸಲಾಗದು.
ಸತ್ಯ: ವಿಶೇಷ ನೋಟಿಸು ಕೊಟ್ಟು, ಅವರ ಮಾತನ್ನೂ ಕೇಳಿ, ಸಾಮಾನ್ಯವಾಗಿ ಸರಳ ಬಹುಮತದಿಂದಲೇ ಇಳಿಸಬಹುದು. ಕಂಪನಿ ಕಾಯ್ದೆಯ 169ನೇ ಕಲಂ ಇರುವುದೇ ಅದಕ್ಕೆ.

ಮತ ಹಾಕಲು ಸಭೆಗೇ ಹೋಗಬೇಕೆಂದಿಲ್ಲ. ಷೇರುಪೇಟೆಯಲ್ಲಿರುವ ಕಂಪನಿಗಳ ಇ-ಮತದಾನ ಕನಿಷ್ಠ 3 ದಿನ ತೆರೆದಿದ್ದು, ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮುಚ್ಚುತ್ತದೆ. ಬೆಂಗಳೂರಿನ ಹೋಟೆಲಿನ ಗಲ್ಲಾದಲ್ಲಿ ಕೂತೂ ಮೊಬೈಲಿನಲ್ಲೇ ಒತ್ತಬಹುದು. ಈ ಸಲ ನೋಟಿಸು ಬಂದರೆ, ಬದಿಗಿಡುವ ಮೊದಲು ಆ ಗಡುವನ್ನೊಮ್ಮೆ ನೋಡಿಕೊಳ್ಳಿ.