ಯಂತ್ರ ‘ಇಲ್ಲ’ ಅಂದರೆ ಯಾರನ್ನು ಕೇಳುವುದು?

ಮಂಡಗದ್ದೆ ಎಂದರೆ ಎಲ್ಲರಿಗೂ ನೆನಪಾಗುವುದು ತುಂಗೆಯ ನಡುವಿನ ಮರಗಳಲ್ಲಿ ಗೂಡು ಕಟ್ಟುವ ಹಕ್ಕಿಗಳು. ನನಗೆ ಮಾತ್ರ ಅಜ್ಜಿಯ ಹೆಬ್ಬೆರಳು. ವರ್ಷಗಟ್ಟಲೆ ಅಡಿಕೆ ಸುಲಿದು ಅದರ ಗೆರೆಗಳೇ ಸವೆದಿವೆ. ಒಮ್ಮೆ ರೇಷನ್ ತರಲು ಹೋದಾಗ ಯಂತ್ರ ಅವರನ್ನು ಗುರುತಿಸಲಿಲ್ಲ. ಮೂರು ಸಲ ಒತ್ತಿದರೂ ಅದೇ ಉತ್ತರ. ಅಂಗಡಿಯವರಿಗೆ ಅಜ್ಜಿ ಗೊತ್ತು, ಸಾಲಿನಲ್ಲಿದ್ದವರಿಗೆಲ್ಲ ಗೊತ್ತು. ಆದರೂ ಆ ದಿನ ಖಾಲಿ ಚೀಲದಲ್ಲೇ ವಾಪಸ್ ಬಂದೆವು.

ಕಾಲೇಜಿನಲ್ಲಿ ನನ್ನ ಮಿನಿ ಪ್ರಾಜೆಕ್ಟ್ ಮುಖ ಗುರುತಿಸುವ ಪ್ರೋಗ್ರಾಂ. ನೂರಕ್ಕೆ 96 ಸಲ ಸರಿ ಉತ್ತರ ಕೊಟ್ಟಿತು, ಒಳ್ಳೆಯ ಅಂಕವೂ ಬಂತು. ಉಳಿದ ನಾಲ್ಕರ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಆ ನಾಲ್ಕರಲ್ಲಿ ನಮ್ಮ ಅಜ್ಜಿಯಂಥವರು ಇರುತ್ತಾರೆ ಎಂದು ಈಗ ಅರ್ಥವಾಗಿದೆ.

ಬೆರಳಚ್ಚಿನ ನಂತರ ಈಗ ಮುಖದ ಸರದಿ. ಅಂಗನವಾಡಿಯಿಂದ ಗರ್ಭಿಣಿ, ಬಾಣಂತಿಯರು ಮನೆಗೆ ಒಯ್ಯುವ ಪೌಷ್ಟಿಕ ಆಹಾರಕ್ಕೆ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖ ತಾಳೆಯಾಗಬೇಕು ಎಂಬ ನಿಯಮ 2025ರಲ್ಲಿ ಬಂತು. ಕಳ್ಳ ಲೆಕ್ಕ ತಡೆಯುವುದು ಇದರ ಉದ್ದೇಶ, ಅದು ತಪ್ಪಲ್ಲ. ಆದರೆ ಮುಖ ಹೊಂದದಿದ್ದರೆ ಹಸಿವೆ ಯಾರದ್ದು?

ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನೆಯ ಸಹಾಯಧನ ಪಡೆಯುತ್ತಿದ್ದ ಸಾವಿರಾರು ಪೋಷಕರಿಗೆ ತೆರಿಗೆ ಇಲಾಖೆ ವಂಚಕರೆಂಬ ಹಣೆಪಟ್ಟಿ ಹಚ್ಚಿತು. ಯಾರ ಮೇಲೆ ಅನುಮಾನ ಪಡಬೇಕೆಂದು ಹೇಳಲು ಅಲ್ಗಾರಿದಮ್ ಕೂಡ ಬಳಕೆಯಾಗಿತ್ತು. ಕುಟುಂಬಗಳು ಸಾಲದಲ್ಲಿ ಮುಳುಗಿದವು. ಈ ಹಗರಣದಿಂದ 2021ರ ಜನವರಿಯಲ್ಲಿ ಅಲ್ಲಿನ ಸರ್ಕಾರವೇ ರಾಜೀನಾಮೆ ಕೊಟ್ಟಿತು.

ನಮಗೆ ದಾರಿ ತೋರಿಸಿದವರು ಕನ್ನಡಿಗರೇ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಸರ್ಕಾರ ಅದರೊಳಗೆ ಕೈ ಹಾಕಬೇಕಾದರೆ ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕೈ ಹಾಕಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಾದರೋ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ಅವಕಾಶ ಇಟ್ಟುಕೊಂಡಿದೆ. ಹಾಗಾಗಿ ಪ್ರಶ್ನೆ ಕೇಳುವ ಕೆಲಸ ನಮ್ಮ ಮೇಲೇ ಬಿದ್ದಿದೆ.

ಎಐ ಬೇಡ ಎಂದು ನಾನು ಹೇಳುತ್ತಿಲ್ಲ. ನಾಳೆ ನನ್ನ ಅನ್ನವೂ ಅದರಿಂದಲೇ ಹುಟ್ಟಬಹುದು. ಕೇಳುವುದು ಇಷ್ಟೇ: ಯಂತ್ರ ‘ಇಲ್ಲ’ ಎಂದರೆ ಕಾರಣ ಕನ್ನಡದಲ್ಲಿ ಸಿಗಲಿ. ಆ ‘ಇಲ್ಲ’ವನ್ನು ಬದಲಿಸುವ ಅಧಿಕಾರ ಇರುವ ಒಬ್ಬ ಮನುಷ್ಯ ಹತ್ತಿರದಲ್ಲೇ ಇರಲಿ. ತನಿಖೆ ಮುಗಿಯುವವರೆಗೆ ಅಕ್ಕಿ ನಿಲ್ಲದಿರಲಿ.

ಗೆಳೆಯರೇ, ನಾಳೆ ಇಂಥ ಕೋಡ್ ಬರೆಯುವವರು ನಾವೇ. ಉಳಿದ ನಾಲ್ವರು ಏನಾದರು ಎಂದು ಮೊದಲು ನಾವೇ ಕೇಳೋಣ.