ಗೊಂಬೆ ಬಾಗಿನದ ಡಬ್ಬಿ

ನವರಾತ್ರಿಗೆ ಇನ್ನು ನಾಲ್ಕೈದು ದಿನ ಇದೆ ಎನ್ನುವಾಗ ಬಸವೇಶ್ವರನಗರದಲ್ಲಿ ನಮ್ಮ ಬೀದಿ ಕೊನೆಯ ಹಿಟ್ಟಿನ ಮಿಲ್ಲಿನ ಮುಂದೆ ಡಬ್ಬಗಳ ಸಾಲು ಉದ್ದವಾಗುತ್ತದೆ. ಚಕ್ಕುಲಿ ಹಿಟ್ಟು ಮಾಡಿಸಲು ಬಂದವರು ಡಬ್ಬ ಇಟ್ಟು ಸುಮ್ಮನೆ ಹೋಗುವುದಿಲ್ಲ. “ಅಣ್ಣ, ರಾಗಿ ಆದ್ಮೇಲೆ ಹಾಕ್ಬೇಡಿ, ಯಾರದಾದ್ರೂ ಅಕ್ಕಿ ಆದ್ಮೇಲೆ ಹಾಕಿ” ಎಂದು ಹೇಳಿ, ಅದು ಆಗುವವರೆಗೂ ನಿಂತಿರುತ್ತಾರೆ. ಕಲ್ಲಿನ ಸಂದಿಯಲ್ಲಿ ಉಳಿದ ಒಂದು ಹಿಡಿ ರಾಗಿ ಹಿಟ್ಟು ಸಾಕು, ಚಕ್ಕುಲಿಯ ಬಣ್ಣ ಕೆಡುತ್ತದೆ. ಒಂಬತ್ತು ಸಂಜೆ ಮನೆಗೆ ಬರುವವರ ಉಪಚಾರ ಶುರುವಾಗುವುದು ಈ ಸಾಲಿನಲ್ಲೇ.

ರಾಜಾಜಿಯವರ ಹೆಸರು ಹೊತ್ತು 1949ರಲ್ಲಿ ರೂಪುಗೊಂಡ ರಾಜಾಜಿನಗರ, ಆಮೇಲೆ ಬೆಳೆದ ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರಗಳಿಗೆ ಹಳೆ ಮೈಸೂರಿನ ಕಡೆಯಿಂದ ಬಂದು ನೆಲೆಸಿದ ಎಷ್ಟೋ ಮನೆಗಳು ಪಟ್ಟದ ಗೊಂಬೆಗಳನ್ನೂ ಜೊತೆಗೆ ತಂದವು. ಗೊಂಬೆ ಕೂರಿಸಿದ ಮೇಲೆ ಸಂಜೆ ಬಾಗಿಲು ಹಾಕುವಂತಿಲ್ಲ. ಅರಿಶಿನ ಕುಂಕುಮಕ್ಕೆ ಕರೆದವರು ಬರುತ್ತಾರೆ, ಕರೆಯದ ಮಕ್ಕಳೂ ಗೇಟಿನ ಹತ್ತಿರ ನಿಂತು “ಆಂಟಿ, ಗೊಂಬೆ ಕೂರ್ಸಿದ್ದೀರಾ?” ಎಂದು ಕೂಗುತ್ತಾರೆ. ನೋಡಿದ ಪ್ರತಿ ಮಗುವಿನ ಕೈಗೂ ಏನಾದರೂ ತಿಂಡಿ ಹಾಕಬೇಕು. ಅದೇ ಗೊಂಬೆ ಬಾಗಿನ. ಎಷ್ಟು ಜನ, ಎಷ್ಟು ಹೊತ್ತಿಗೆ ಎಂಬ ಲೆಕ್ಕ ಮೊದಲೇ ಸಿಗುವುದಿಲ್ಲ. ಹಾಗಾಗಿ ಡಬ್ಬಿ ತುಂಬಿರಲೇಬೇಕು.

ನಾನು ಚಿಕ್ಕವಳಿದ್ದಾಗ ಒಂದು ಸರಸ್ವತಿ ಪೂಜೆಯ ಸಂಜೆ ಅಮ್ಮ ಬಂದವರಿಗೆಲ್ಲ ಬಿಸಿ ಅಂಬೊಡೆಯನ್ನೇ ಕೊಡುವುದೆಂದು ನಿಶ್ಚಯಿಸಿದರು. ಅಂಬೊಡೆ ಬಾಣಲೆಯಿಂದ ತಟ್ಟೆಗೆ ಬಂದಾಗಲೇ ರುಚಿ, ಆರಿದರೆ ಮೆತ್ತಗಾಗುತ್ತದೆ. ಆ ಸಂಜೆ ಅವರು ಒಲೆ ಬಿಟ್ಟು ಕದಲಲಿಲ್ಲ. ಮಂಡ್ಯದಿಂದ ಬಂದಿದ್ದ ಸೋದರತ್ತೆ ಅಡುಗೆಮನೆ ಬಾಗಿಲಲ್ಲೇ ನಿಂತು ಎರಡು ಮಾತಾಡಿ ಹೊರಟರು. ಮಾರನೆಯ ವರ್ಷದಿಂದ ನಮ್ಮ ಮನೆಯಲ್ಲಿ ಗೊಂಬೆಯ ಮುಂದೆ ಕುಳಿತು ಮಾತಾಡುವ ಅಮ್ಮನನ್ನು ನೋಡಿದೆ. ಆ ಬದಲಾವಣೆ ಮಾಡಿದ್ದು ಮೂರು ಸ್ಟೀಲ್ ಡಬ್ಬಿಗಳು.

ಚಕ್ಕುಲಿಗೆ 4 ಪಾವು ಅಕ್ಕಿಗೆ 1 ಪಾವು ಉದ್ದಿನಬೇಳೆ ಎಂಬುದು ಬಹಳ ಮನೆಗಳ ಅಳತೆ. ಬೇಳೆಯನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿಯಬೇಕು. ಎಳ್ಳು, ಜೀರಿಗೆ, ಇಂಗು, ಕಾಯಿಸಿದ ಬೆಣ್ಣೆ. ಕೈ ಪಳಗಬೇಕಾದದ್ದು ಈ ಬೆಣ್ಣೆಯ ವಿಷಯದಲ್ಲೇ: ಜಾಸ್ತಿಯಾದರೆ ಚಕ್ಕುಲಿ ಎಣ್ಣೆಯಲ್ಲೇ ಬಿಚ್ಚಿ ಚೂರಾಗುತ್ತದೆ, ಸಾಲದಿದ್ದರೆ ಹಲ್ಲಿಗೆ ಕಲ್ಲು. ಒರಳಿನಿಂದ ಇಳಿಯುವ ಎಳೆ ಮಧ್ಯೆ ತುಂಡಾಗುತ್ತಿದ್ದರೆ ಹಿಟ್ಟಿಗೆ ಇನ್ನೊಂದು ಚಮಚ ನೀರು ಬೇಕೆಂದು ಅರ್ಥ.

ಕರಿಯುವಾಗ ಕಣ್ಣಿಗಿಂತ ಕಿವಿಯನ್ನು ನಂಬಬೇಕು. ಹಿಟ್ಟಿನೊಳಗಿನ ನೀರು ಹಬೆಯಾಗಿ ಹೊರಬರುವಾಗ ಎಣ್ಣೆ ನೊರೆಯುತ್ತದೆ, ಚರಚರ ಸದ್ದು ಮಾಡುತ್ತದೆ. ಆ ಸದ್ದು ಅಡಗಿದರೆ ನೀರು ಹೋಯಿತೆಂದು ಲೆಕ್ಕ, ಆಗ ತೆಗೆಯಬೇಕು. ಜೋರು ಉರಿಯಲ್ಲಿ ಬಣ್ಣ ಬೇಗ ಬಂದು ಒಳಗೆ ಪಸೆ ಉಳಿದ ಚಕ್ಕುಲಿ ಮೂರನೇ ದಿನಕ್ಕೇ ಮೆತ್ತಗಾಗುತ್ತದೆ. ಸದ್ದು ಅಡಗಿದ ಮೇಲೆ ತೆಗೆದದ್ದು ಎರಡು ವಾರ ಗರಿಗರಿಯಾಗಿರುತ್ತದೆ. ಇನ್ನು ಬಿಸಿ ಆರುವ ಮೊದಲು ಮುಚ್ಚಳ ಹಾಕಿದರೆ ಅದುವರೆಗಿನ ಶ್ರಮವೆಲ್ಲ ಹಾಳು. ಹಬೆ ಮುಚ್ಚಳದಲ್ಲಿ ಹನಿಗಟ್ಟಿ ಮತ್ತೆ ತಿಂಡಿಯ ಮೇಲೇ ಇಳಿಯುತ್ತದೆ. ರಾತ್ರಿ ಕರಿದದ್ದನ್ನು ನಾವು ಬಟ್ಟೆಯ ಮೇಲೆ ಹರಡಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿಯೇ ಮಲಗುತ್ತೇವೆ.

ಕೋಡುಬಳೆಯಲ್ಲಿ ಬೇರೆ ಎಚ್ಚರ ಬೇಕು. ಚಿರೋಟಿ ರವೆ, ಅಕ್ಕಿ ಹಿಟ್ಟು, ಹುರಿಗಡಲೆ ಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಜೊತೆ ಹಸಿ ತೆಂಗಿನಕಾಯಿ ರುಬ್ಬಿ ಹಾಕಿದರೆ ಅವತ್ತಿನ ರುಚಿಗೆ ಸಾಟಿಯಿಲ್ಲ, ಆದರೆ ಬೇಗ ಕಮಟು ವಾಸನೆ ಬರುತ್ತದೆ. ಇಟ್ಟು ತಿನ್ನುವುದಕ್ಕಾದರೆ ಒಣ ಕೊಬ್ಬರಿಯೇ ಸರಿ. ಗೋಕುಲಾಷ್ಟಮಿಗೆ ತೇಂಗೊಳಲು, ಮುಚ್ಚೋರೆ ಎಂದು ಸಾಲುಸಾಲಾಗಿ ಮಾಡುವ ಅಯ್ಯಂಗಾರರ ಮನೆಯವರಿಗೆ ಈ ಸೂಕ್ಷ್ಮಗಳನ್ನು ಯಾರೂ ಹೇಳಿಕೊಡಬೇಕಿಲ್ಲ.

ಬಿಡುವಿಲ್ಲದವರಿಗೆ ಕಾಂಡಿಮೆಂಟ್ಸ್ ಇದೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಊಟದ ಜೊತೆ ನಂಚಿಕೊಳ್ಳುವ ಪದಾರ್ಥ ಎಂಬ ಅರ್ಥ. ಬೆಂಗಳೂರಿನಲ್ಲಿ ಅದು ಗಾಜಿನ ಬೀರುವಿನಲ್ಲಿ ನಿಪ್ಪಟ್ಟು, ಖಾರಾ ಸೇವೆ, ಕಾಂಗ್ರೆಸ್ ಕಡಲೆಬೀಜ ಇಟ್ಟ ಅಂಗಡಿ. ಎರಡು ಹೋಳಾದ ಈ ಕಡಲೆಬೀಜಕ್ಕೆ ಆ ಹೆಸರು 1969ರಲ್ಲಿ ಕಾಂಗ್ರೆಸ್ ಇಬ್ಭಾಗವಾದಾಗ ಬಿತ್ತೆಂದು ಊರಿನವರು ಹೇಳುತ್ತಾರೆ. ಅದೇ ವರ್ಷ ಲಾಲ್‌ಬಾಗಿನ ಗಾಜಿನಮನೆಯಲ್ಲಿ ನಡೆದ ಅಧಿವೇಶನದಲ್ಲೇ ಪಕ್ಷದೊಳಗಿನ ಬಿರುಕು ಎದ್ದು ಕಂಡದ್ದರಿಂದ ಬೆಂಗಳೂರಿಗರ ಬಾಯಲ್ಲಿ ಈ ಹೆಸರು ನಿಂತದ್ದು ಸಹಜ. ಅಂಗಡಿಯಿಂದ ತಂದು ಹಾಕುವುದರಲ್ಲಿ ಕೊರತೆಯೇನೂ ಇಲ್ಲ. ನಿಪ್ಪಟ್ಟನ್ನು ತಂದು, ಚಕ್ಕುಲಿಯನ್ನು ಮನೆಯಲ್ಲಿ ಒತ್ತಿಕೊಳ್ಳುವುದು ನನ್ನ ಪದ್ಧತಿ.

ಆ ನಿಪ್ಪಟ್ಟಿನಿಂದಲೇ ಸಂಜೆ ಬರುವ ದೊಡ್ಡವರಿಗೆ ನಿಪ್ಪಟ್ಟು ಮಸಾಲೆ. ಕ್ಯಾರೆಟ್ ತುರಿದು, ಈರುಳ್ಳಿ, ಕೊತ್ತಂಬರಿ ಸಣ್ಣಗೆ ಹೆಚ್ಚಿ ಬೇರೆಬೇರೆ ಬಟ್ಟಲಲ್ಲಿ ಮುಚ್ಚಿಟ್ಟಿರುತ್ತೇನೆ. ಹಸಿ ಖಾರದ ಚಟ್ನಿ ಹಿಂದಿನ ದಿನವೇ ಸಿದ್ಧ. ಜನ ಕುಳಿತ ಮೇಲೆ ನಿಪ್ಪಟ್ಟಿನ ಮೇಲೆ ಹರಡಿ, ಉಪ್ಪು ಉದುರಿಸಿ, ನಿಂಬೆಹಣ್ಣು ಹಿಂಡಿದರೆ ಆಯಿತು. ಉಪ್ಪು, ನಿಂಬೆ ಕೊನೆಗೇ ಬೀಳಬೇಕು, ಮೊದಲೇ ಹಾಕಿದರೆ ಕ್ಯಾರೆಟ್ ನೀರು ಬಿಟ್ಟು ನಿಪ್ಪಟ್ಟು ನೆನೆಯುತ್ತದೆ. ಯಾವುದನ್ನು ವಾರದ ಮೊದಲು, ಯಾವುದನ್ನು ಹಿಂದಿನ ದಿನ, ಯಾವುದನ್ನು ಕೊನೇ ಗಳಿಗೆಯಲ್ಲಿ ಎಂದು ತಿಳಿದವರ ಮನೆಗೆ ಹತ್ತು ಜನ ಒಟ್ಟಿಗೆ ಬಂದರೂ ಗಡಿಬಿಡಿ ಇರುವುದಿಲ್ಲ.

ಇದಕ್ಕಿಂತ ದೀರ್ಘವಾದ ಮುಂದಾಲೋಚನೆ ಸಂಡಿಗೆಯದು. ಶಿವರಾತ್ರಿ ಕಳೆದ ಮೇಲಿನ ಬಿಸಿಲಲ್ಲಿ ತಾರಸಿಯ ಮೇಲೆ ಇಟ್ಟ ಅರಳು ಸಂಡಿಗೆ, ಹಪ್ಪಳ ದಸರೆಯವರೆಗೂ ಕಾಯುತ್ತವೆ. ಎಣ್ಣೆ ಕಾದಿದ್ದರೆ ಅರೆ ನಿಮಿಷದ ಕೆಲಸ. ಪಕ್ಕದಲ್ಲಿ ನಾಲ್ಕು ಅಂತಸ್ತು ಎದ್ದು ತಾರಸಿಗೆ ಬಿಸಿಲು ಬೀಳದ ಮನೆಗಳವರು ಈಗ ಇನ್ನೊಬ್ಬರ ತಾರಸಿ ಕೇಳಿಕೊಂಡು ಹೋಗಿ ಸಂಡಿಗೆ ಇಡುತ್ತಾರೆ. ನಮ್ಮ ತಾರಸಿಗೂ ಇಬ್ಬರು ಬರುತ್ತಾರೆ. ಒಣಗಿದ ಮೇಲೆ ನಮಗೊಂದು ಪಾಲು ಕೊಟ್ಟೇ ಹೋಗುತ್ತಾರೆ.

ವರ್ಷದ ಕೊನೆಯ ರಜೆಗೆ ನೆಂಟರು ಬಂದರೆ ಅವರೆಕಾಳಿನ ಕಾಲ. ಮಾಗಡಿ ರಸ್ತೆಯ ಬದಿಯಲ್ಲಿ ಸೊಗಡಿನ ಅವರೆಕಾಯಿ ರಾಶಿ ಬೀಳುತ್ತದೆ. ಹಿತುಕಿದ ಬೇಳೆಯನ್ನು ಬಟ್ಟೆಯ ಮೇಲೆ ಹರಡಿ ತೇವ ಹೋಗಿಸಿ, ಕರಿದು, ಕರಿಬೇವು, ಜಜ್ಜಿದ ಬೆಳ್ಳುಳ್ಳಿ, ಖಾರದ ಪುಡಿ ಬೆರೆಸಿಟ್ಟರೆ ರಜೆ ಮುಗಿಯುವವರೆಗೂ ಬರುತ್ತದೆ. ಹಿತುಕುವ ಕೆಲಸ ಮಾತ್ರ ಒಬ್ಬರಿಂದಾಗದು, ಸಂಜೆ ಎಲ್ಲರೂ ಪಾತ್ರೆಯ ಸುತ್ತ ಕುಳಿತು ಮಾಡಬೇಕು.

ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿದ ಮೇಲೆ ನಾನು ಡಬ್ಬಿ ಬಗ್ಗಿಸುತ್ತೇನೆ. ಕಾಗದದ ಮೇಲೆ ಚಕ್ಕುಲಿಯ ಚೂರು, ಕೋಡುಬಳೆಯ ಪುಡಿ, ಎರಡು ಕಡಲೆಬೀಜ ಉಳಿದಿರುತ್ತವೆ. ಮಾರನೆಯ ಮಧ್ಯಾಹ್ನದ ಮೊಸರನ್ನಕ್ಕೆ ಅದೇ.